60 ಅಡಿ ದೂರದಿಂದ ಕಾಣುವ ಬಣ್ಣ: ಒಬ್ಬ ಪಾಪ್ ಕಲಾವಿದರ ಪ್ರಕರಣ

ಈ ಪ್ರಕರಣದ ಕಲಾವಿದರು ಬೆಂಗಳೂರಿನಲ್ಲಿದ್ದಾರೆ. ಜೊತೆಗೆ ಕೆಲಸ ಮಾಡಿದವರೆಲ್ಲ ಅವರನ್ನು ‘ಮಾಸ್ಟರ್’ ಅಂತಲೇ ಕರೆಯುತ್ತಾರೆ, ಇಲ್ಲೂ ಅದೇ ಇರಲಿ. ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಊರು, ಬಡಾವಣೆ, ಒಂದೆರಡು ಚಿತ್ರಗಳ ವಿವರ ಬದಲಿಸಿದ್ದೇನೆ. ವ್ಯವಹಾರ ನಡೆದ ಕಂಪನಿಯ ಹೆಸರು ಎಲ್ಲೂ ಬರುವುದಿಲ್ಲ.

ನಾನು ಚಿತ್ರಕಲೆ ಕಲಿಯುವ ಮಕ್ಕಳಿಗೆ ಪಾಠ ಹೇಳುವವಳು. ಬಿಡುವಿದ್ದಾಗ ಪರಿಚಯದ ಕಲಾವಿದರ ಬಿಲ್ಲು, ಕರಾರು ಪತ್ರ ನೋಡಿಕೊಡುತ್ತೇನೆ. ಮಾಸ್ಟರ್ ಕಷ್ಟಪಟ್ಟು ದಾಟಿದ ಜಾಗಗಳಲ್ಲೇ ನನ್ನ ವಿದ್ಯಾರ್ಥಿಗಳು ಪ್ರತಿ ವರ್ಷ ಎಡವುತ್ತಾರೆ. ಬಣ್ಣ ಜಾಸ್ತಿ ಆಯ್ತು ಅಂದಾಗ ಏನು ಮಾಡಬೇಕು? ಚಿತ್ರ ಮಾರಿದಾಗ ನಿಜವಾಗಿ ಏನನ್ನು ಮಾರಿದೆವು? ಒಂದೇ ಚಿತ್ರವನ್ನು ಜನ ಮತ್ತೆ ಮತ್ತೆ ಕೇಳಿದರೆ ಬರೆದು ಕೊಡಬೇಕಾ? ಇವನ್ನೆಲ್ಲ ಒಬ್ಬರ ಬದುಕಿನಲ್ಲಿ ನೋಡೋಣ.

ಕಟೌಟ್ ಕಾಲ

1980ರ ದಶಕದ ಕೊನೆಯಲ್ಲಿ, 14ನೇ ವಯಸ್ಸಿಗೆ, ಮಾಸ್ಟರ್ ತುಮಕೂರು ಕಡೆಯ ಒಂದು ಹಳ್ಳಿಯಿಂದ ಬೆಂಗಳೂರಿಗೆ ಬಂದರು. ಸೋದರಮಾವ ಅವರನ್ನು ಗಾಂಧಿನಗರದ ಹಿಂದಿನ ಗಲ್ಲಿಯೊಂದರಲ್ಲಿದ್ದ ಬ್ಯಾನರ್ ಶೆಡ್ಡಿಗೆ ಸೇರಿಸಿದರು. ಆಗ ಕೆ.ಜಿ. ರಸ್ತೆ, ಅದರ ಆಸುಪಾಸು ಅಂದರೆ ಸಾಲು ಸಾಲು ಥಿಯೇಟರು. ಸಾಗರ್, ನರ್ತಕಿ, ಸಂತೋಷ್, ತ್ರಿಭುವನ್, ಮೇನಕಾ, ಕಪಾಲಿ. ಶುಕ್ರವಾರ ಸಿನಿಮಾ ಬಿಡುಗಡೆ ಆದರೆ ಗುರುವಾರ ರಾತ್ರಿ ಶೆಡ್ಡಿನಲ್ಲಿ ಯಾರಿಗೂ ನಿದ್ದೆ ಇಲ್ಲ.

ಹುಡುಗನ ಮೊದಲ ಕೆಲಸ ಸೀಮೆಎಣ್ಣೆಯಲ್ಲಿ ಬ್ರಷ್ ತೊಳೆಯುವುದು. ಆಮೇಲೆ ಮರದ ಚೌಕಟ್ಟಿಗೆ ಬಟ್ಟೆ ಎಳೆದು ಮೊಳೆ ಹೊಡೆಯುವುದು, ಅಂಟು ಬಳಿಯುವುದು, ಅದರ ಮೇಲೆ ಬಿಳಿ ಬಣ್ಣ. ಅಲ್ಲಿಂದ ಮುಂದೆ ಆಕಾಶ ತುಂಬುವುದು. ಆಮೇಲೆ ಅಕ್ಷರ. ಆಮೇಲೆ ಹೀರೋನ ಅಂಗಿ, ಪ್ಯಾಂಟು. ಮುಖ ಮಾತ್ರ ಹಿರಿಯರದ್ದು. ಮುಖ ಮುಟ್ಟಲು ಬಿಟ್ಟಿದ್ದು ಆರು ವರ್ಷದ ಮೇಲೆ.

ಮುಖ ಬರೆಯುವ ಬಗೆಯನ್ನು ಅವರು ಒಮ್ಮೆ ನನ್ನ ಎದುರು ಮಾಡಿ ತೋರಿಸಿದರು. ಕೈಯಗಲದ ಸ್ಟಿಲ್ ಫೋಟೋ ಮೇಲೆ ಪೆನ್ಸಿಲ್‌ನಲ್ಲಿ ಸಣ್ಣ ಚೌಕ ಹಾಕುತ್ತಾರೆ. ಬಟ್ಟೆಯ ಮೇಲೆ ಅಷ್ಟೇ ಚೌಕ, ಆದರೆ ಒಂದೊಂದೂ ಒಂದಡಿಯದ್ದು. ಒಂದು ಕಣ್ಣೇ ಮೂರು ಚೌಕ ಹಿಡಿಯುತ್ತದೆ. ಬೆಳಕು ಬೀಳುವ ಕೆನ್ನೆಗೆ ಗುಲಾಬಿ, ಅದರ ತುದಿಗೆ ಕಿತ್ತಳೆ. ನೆರಳಿನ ಕೆನ್ನೆಗೆ ಕಪ್ಪು ಹಾಕುವುದಿಲ್ಲ. ಹಸಿರು ಹಾಕುತ್ತಾರೆ, ಅದರೊಳಗೆ ನೀಲಿ. ಮೂಗಿನ ತುದಿಗೆ ಒಂದೇ ಒಂದು ಬಿಳಿ ಚುಕ್ಕೆ. ಹತ್ತಿರದಿಂದ ನೋಡಿದರೆ ಹಣ್ಣಿನ ಅಂಗಡಿ ಚೆಲ್ಲಾಪಿಲ್ಲಿ ಆದ ಹಾಗೆ ಕಾಣುತ್ತದೆ. ಅಷ್ಟು ಬರೆದು ಅವರು ಬ್ರಷ್ ಕೆಳಗಿಟ್ಟರು, ರಸ್ತೆ ದಾಟಿ ಆ ಬದಿಗೆ ಹೋದರು, ಕಣ್ಣು ಅರ್ಧ ಮುಚ್ಚಿ ನೋಡಿದರು. ನಾನೂ ಹೋಗಿ ನಿಂತೆ. ಅಲ್ಲಿಂದ ಹಸಿರೂ ಇಲ್ಲ, ನೀಲಿಯೂ ಇಲ್ಲ. ಉಬ್ಬಿದ ಕೆನ್ನೆ, ಜೀವ ಇರುವ ಮುಖ!

“ಬಸ್ಸಿನಲ್ಲಿ ಕೂತವನಿಗೆ ಕಾಣಬೇಕು ಮೇಡಂ. ರಾತ್ರಿ ಲೈಟಲ್ಲೂ ಕಾಣಬೇಕು. ಕಪ್ಪು ಹಾಕಿದರೆ ರಾತ್ರಿ ತೂತು ಬಿದ್ದ ಹಾಗೆ ಕಾಣುತ್ತೆ” ಅಂದರು.

ಈ ಮಾತು ನೆನಪಿಟ್ಟುಕೊಳ್ಳಿ. ಇಡೀ ಪ್ರಕರಣ ನಿಂತಿರುವುದು ಈ ದೂರದ ಲೆಕ್ಕದ ಮೇಲೆ.

2000ದ ಆಸುಪಾಸು ಫ್ಲೆಕ್ಸ್ ಬಂತು. ನಾಲ್ಕು ಜನ ನಾಲ್ಕು ದಿನ ಮಾಡುತ್ತಿದ್ದ ಕೆಲಸವನ್ನು ಯಂತ್ರ ಒಂದು ರಾತ್ರಿಯಲ್ಲಿ ಉಗುಳುತ್ತಿತ್ತು. ಬೆಲೆಯೂ ಕಡಿಮೆ. ಕೆಲವೇ ವರ್ಷಗಳಲ್ಲಿ ಶೆಡ್ ಮುಚ್ಚಿತು. ಮಾಸ್ಟರ್ ನಂಬರ್ ಪ್ಲೇಟ್ ಬರೆದರು, ಶಾಲೆಯ ಗೋಡೆ ಮೇಲೆ ಕಾಗುಣಿತ ಬರೆದರು, ಆಟೋಗಳ ಹಿಂದೆ ತಾಯಿಯ ಹೆಸರು ಬರೆದರು. ಅವರ ಹೆಂಡತಿ, ನಾನು ಅಕ್ಕ ಅಂತ ಕರೆಯುತ್ತೇನೆ, ಗಾರ್ಮೆಂಟ್ಸ್‌ಗೆ ಹೋಗಿ ಮನೆ ನಡೆಸಿದರು. ಮಾಸ್ಟರ್ ಕಥೆ ಹೇಳುವಾಗ ಜನ ಈ ಭಾಗವನ್ನು ಹಾರಿಸಿಬಿಡುತ್ತಾರೆ. ಆ ಏಳೆಂಟು ವರ್ಷ ಅಕ್ಕನ ಸಂಬಳ ಇಲ್ಲದಿದ್ದರೆ ಮುಂದಿನದ್ದು ಯಾವುದೂ ಇರುತ್ತಿರಲಿಲ್ಲ.

2009ರಲ್ಲಿ ಬಿಬಿಎಂಪಿ ಊರಿನ ಗೋಡೆಗಳ ಮೇಲೆ ಪೋಸ್ಟರ್ ಅಂಟಿಸುವುದನ್ನು ತಪ್ಪಿಸಲು ಚಿತ್ರ ಬರೆಸಿತು. ಹಂಪಿಯ ರಥ, ಜೋಗ, ಮೈಸೂರು ಅರಮನೆ, ಹುಲಿ, ಯಕ್ಷಗಾನ. ಕೆಲಸ ಕಳೆದುಕೊಂಡಿದ್ದ ಎಷ್ಟೋ ಬ್ಯಾನರ್ ಕಲಾವಿದರು ಮತ್ತೆ ಬ್ರಷ್ ಹಿಡಿದಿದ್ದು ಆಗ. ಮಾಸ್ಟರ್ ಸಹ ಹಿಡಿದರು. ಆ ಚಿತ್ರಗಳಿಗೆ ಊರಿನಲ್ಲಿ ಹೊಗಳಿಕೆಯೂ ಬಂತು, ಟೀಕೆಯೂ ಬಂತು. ನನಗೆ ಮುಖ್ಯವಾಗಿದ್ದು ಬೇರೆ. ಗೋಡೆ ಬರೆಯುವಾಗ ಅವರು ಮಧ್ಯಾಹ್ನದ ಬಿಡುವಿನಲ್ಲಿ ರಟ್ಟಿನ ಮೇಲೆ ಸುಮ್ನೆ ಒಂದು ಚಿತ್ರ ಬರೆದರು. ಎದುರಿನ ಬಸ್ ಸ್ಟಾಪಿನಲ್ಲಿ ಹೂವು ಮಾರುತ್ತಿದ್ದ ಅಜ್ಜಿಯನ್ನು ಸಿನಿಮಾ ಹೀರೋಯಿನ್ ಥರ ಬರೆದರು. ಗುಲಾಬಿ ಕೆನ್ನೆ, ಹಸಿರು ನೆರಳು, ಕಣ್ಣಿಗೆ ಕಪ್ಪು ಕನ್ನಡಕ, ಎತ್ತಿದ ಕೈಯಲ್ಲಿ ಒಂದು ಮೊಳ ಮಲ್ಲಿಗೆ. ನಾವು ಅದನ್ನು ‘ಹೂವಜ್ಜಿ’ ಅನ್ನುತ್ತೇವೆ.

ಅದನ್ನು ನೋಡಿದ ಒಬ್ಬ ಹುಡುಗ, ಕಲಾ ಕಾಲೇಜಿನವನು, “ಅಂಕಲ್, ಇದು ಪಾಪ್ ಆರ್ಟ್” ಅಂದನಂತೆ. ಮಾಸ್ಟರ್ ಆ ಪದ ಕೇಳಿದ್ದು ಅದೇ ಮೊದಲು. ಅವರಿಗೆ ಪಾಪ್ ಅಂದರೆ ಹಾಡು.

ಪಾಪ್ ಕಲೆ ಹುಟ್ಟಿದ್ದು 1950ರ ದಶಕದ ಬ್ರಿಟನ್ನಿನಲ್ಲಿ, ಬೆಳೆದಿದ್ದು 60ರ ದಶಕದ ಅಮೆರಿಕದಲ್ಲಿ. ಅಂಗಡಿಯ ಡಬ್ಬಿ, ಜಾಹೀರಾತು, ಕಾಮಿಕ್ಸ್, ಸಿನಿಮಾ ತಾರೆಯರ ಮುಖ, ಅಂದರೆ ಬೀದಿಯಲ್ಲಿ ಕಣ್ಣಿಗೆ ಬೀಳುವುದೆಲ್ಲ ಅದಕ್ಕೆ ವಸ್ತು. ಅಲ್ಲಿಯ ದೊಡ್ಡ ಹೆಸರುಗಳಲ್ಲಿ ಒಬ್ಬರಾದ ಜೇಮ್ಸ್ ರೋಸೆನ್‌ಕ್ವಿಸ್ಟ್ ಮೊದಲು ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನಲ್ಲಿ ದೊಡ್ಡ ಜಾಹೀರಾತು ಫಲಕ ಬರೆಯುತ್ತಿದ್ದವರು. 1960ರಲ್ಲಿ ಆ ಕೆಲಸ ಬಿಟ್ಟರು. ಆಮೇಲೆ ಅದೇ ಕೈಯಿಂದ 86 ಅಡಿ ಉದ್ದದ ಚಿತ್ರ ಬರೆದರು. ನಮ್ಮ ಎಂ.ಎಫ್. ಹುಸೇನ್ ಸಹ ಮುಂಬೈಯಲ್ಲಿ ಸಿನಿಮಾ ಹೋರ್ಡಿಂಗ್ ಬರೆದೇ ಬದುಕು ಶುರು ಮಾಡಿದವರು. ಇದನ್ನು ಹೇಳಿದಾಗ ಮಾಸ್ಟರ್ ತುಂಬ ಹೊತ್ತು ಸುಮ್ಮನಿದ್ದರು. ತಮ್ಮ ಕೆಲಸಕ್ಕೆ ಒಂದು ವಂಶ ಇದೆ ಅಂತ ಗೊತ್ತಾಗುವುದು ಸಣ್ಣ ವಿಷಯವಲ್ಲ.

ಬಣ್ಣ ಕಮ್ಮಿ ಮಾಡಿ ಅಂದರು

ಅವರು ಜನವರಿಯ ಚಿತ್ರಸಂತೆಯಲ್ಲಿ ಜಾಗ ಹಿಡಿಯಲು ಶುರು ಮಾಡಿದರು. ಚಿತ್ರಕಲಾ ಪರಿಷತ್ತಿನವರು ಒಂದು ಭಾನುವಾರ ಕುಮಾರಕೃಪಾ ರಸ್ತೆಯನ್ನೇ ಗ್ಯಾಲರಿ ಮಾಡಿಬಿಡುತ್ತಾರಲ್ವಾ, ಅಲ್ಲಿ. ಜನ ಫೋಟೋ ತೆಗೆದುಕೊಂಡರು, ನಕ್ಕರು, ಮುಟ್ಟಿ ನೋಡಿದರು. ಕೊಂಡವರು ಕಡಿಮೆ. ಒಂದು ಸಲ ಒಬ್ಬ ಗ್ಯಾಲರಿಯವರು ಬಂದು ನಿಂತು ನೋಡಿ, “ಕೈ ಚೆನ್ನಾಗಿದೆ, ಬಣ್ಣ ಕಿರುಚುತ್ತೆ. ಸ್ವಲ್ಪ ಕಮ್ಮಿ ಮಾಡಿ, ಡೀಸೆಂಟ್ ಆಗುತ್ತೆ” ಅಂದರು.

ಮಾಸ್ಟರ್ ಆ ಮಾತನ್ನು ತಲೆ ಮೇಲೆ ಹೊತ್ತುಕೊಂಡರು. ಇಡೀ ಒಂದು ವರ್ಷ ಬೂದಿ, ಕಂದು, ಮಾಸಿದ ಹಳದಿಯಲ್ಲಿ 11 ಚಿತ್ರ ಬರೆದರು. ಒಂದು ಮಾರಿತು. ಅಕ್ಕ ನನಗೆ ಹೇಳಿದ್ದು: “ಆ ವರ್ಷ ಇವರು ಮನೇಲಿ ಮಾತೇ ಆಡ್ತಿರಲಿಲ್ಲ. ಬಣ್ಣದ ಜೊತೆ ಇವರೂ ಕಮ್ಮಿ ಆಗಿಬಿಟ್ಟಿದ್ರು.”

ನನ್ನ ಪರಿಚಯ ಆಗಿದ್ದು ಆ ಹೊತ್ತಿಗೆ, 2014ರಲ್ಲಿ. ನನಗೂ ಮೊದಲು ತೋಚಿದ್ದು ‘ಯಾರ ಮಾತೂ ಕೇಳಬೇಡಿ, ನಿಮ್ಮ ಬಣ್ಣಕ್ಕೇ ಹೋಗಿ’ ಅನ್ನುವುದೇ. ಹೇಳಲಿಲ್ಲ. ಯಾಕೆಂದರೆ ಗ್ಯಾಲರಿಯವರ ಮಾತಿನಲ್ಲಿ ಏನೋ ನಿಜ ಇತ್ತು. ಹಳೆಯ ಚಿತ್ರಗಳು ನನ್ನ ಕಣ್ಣಿಗೂ ಸ್ವಲ್ಪ ಚುಚ್ಚುತ್ತಿದ್ದವು. ಏನು ತಪ್ಪಾಗಿದೆ ಅಂತ ಪತ್ತೆ ಹಚ್ಚದೆ ಯಾವ ಕಡೆ ಹೋದರೂ ಕತ್ತಲೆಯಲ್ಲಿ ಹೋದ ಹಾಗೆ.

ಒಂದು ರಜಾ ದಿನ ಚಿತ್ರಗಳನ್ನು ಒಂದು ಶಾಲೆಯ ಮೈದಾನಕ್ಕೆ ಒಯ್ದೆವು. ಗೋಡೆಗೆ ಒರಗಿಸಿ ನಿಲ್ಲಿಸಿದೆವು. ನೆಲದ ಮೇಲೆ ಸುಣ್ಣದಲ್ಲಿ 10, 30, 60 ಅಡಿಗೆ ಗೆರೆ ಎಳೆದೆವು. 60ರಲ್ಲಿ ನಿಂತರೆ ಹಳೆಯ ಹೂವಜ್ಜಿ ಅದ್ಭುತ. 30ರಲ್ಲಿ ಚೆನ್ನ. 10ಕ್ಕೆ ಬಂದರೆ ಕೆನ್ನೆಯ ಹಸಿರು ಹಸಿರಾಗಿಯೇ ಉಳಿಯುತ್ತದೆ, ನೆರಳಾಗುವುದಿಲ್ಲ. ಮುಖಕ್ಕೆ ಏನೋ ಮೆತ್ತಿದ ಹಾಗೆ. ಬೂದಿ ಬಣ್ಣದ ಚಿತ್ರಗಳು 10 ಅಡಿಯಲ್ಲೂ ಸಪ್ಪೆ, 60 ಅಡಿಯಲ್ಲಿ ಕಾಣುವುದೇ ಇಲ್ಲ.

ಮಾಸ್ಟರ್ ಆ ಮೂರು ಗೆರೆಗಳ ನಡುವೆ ಹತ್ತಾರು ಸಲ ಓಡಾಡಿದರು. ಆಮೇಲೆ ತಾವೇ ಹೇಳಿದರು: “ಬಣ್ಣದ್ದು ತಪ್ಪಲ್ಲ. 20 ಅಡಿ ಮುಖಕ್ಕೆ ಹಾಕೋ ಹೊಡೆತಾನ ಮೂರಡಿ ಮುಖಕ್ಕೆ ಹಾಕಿದೀನಿ.”

ಈ ಪ್ರಕರಣದ ಮೊದಲ ತಿರುವು ಇದೇ. ಗ್ಯಾಲರಿಯಲ್ಲಿ ಯಾರೂ 60 ಅಡಿ ದೂರ ನಿಲ್ಲುವುದಿಲ್ಲ. ನೋಡುವವನು ಹತ್ತಿರ ಬಂದಾಗ ಬಣ್ಣ ತಗ್ಗಿಸುವ ಅಗತ್ಯ ಇರಲಿಲ್ಲ, ಬಣ್ಣ ಹರಡುವ ರೀತಿ ಬದಲಾಗಬೇಕಿತ್ತು. ಅವರು ಬಣ್ಣದ ಮೇಲೆ ಬಣ್ಣ ತೇಲಿಸುವುದನ್ನು ಬಿಟ್ಟರು. ಗುಲಾಬಿ ಇದ್ದರೆ ಗುಲಾಬಿಯೇ, ಒಂದೇ ಸಮ, ಅದಕ್ಕೊಂದು ಅಂಚು. ಪಕ್ಕದಲ್ಲಿ ಹಸಿರು, ಅದಕ್ಕೂ ಅಂಚು. ನೆರಳು ಆಗ ನೆರಳಿನ ಹಾಗೆ ನಟಿಸುವುದಿಲ್ಲ, ಒಂದು ಆಕಾರವಾಗಿ ನಿಲ್ಲುತ್ತದೆ. ಹತ್ತಿರದಿಂದ ನೋಡುವವನಿಗೆ ಅದು ವಿನ್ಯಾಸ, ದೂರದವನಿಗೆ ಮುಖ. ಅವರ ಈಗಿನ ಶೈಲಿ ಅಂತ ಜನ ಗುರುತಿಸುವುದು ಇದನ್ನೇ.

ವಿದ್ಯಾರ್ಥಿಗಳಿಗೆ ನಾನು ಒತ್ತಿ ಹೇಳುವುದೂ ಇದನ್ನೇ. ಟೀಕೆ ಬಂದಾಗ ಅದರಲ್ಲಿ ಎರಡು ಭಾಗ ಇರುತ್ತದೆ. ‘ಏನೋ ಸರಿಯಿಲ್ಲ’ ಅನ್ನುವುದು ಒಂದು, ‘ಹೀಗೆ ಸರಿಮಾಡಿ’ ಅನ್ನುವುದು ಇನ್ನೊಂದು. ಗ್ಯಾಲರಿಯವರು ಮೊದಲನೆಯದರಲ್ಲಿ ಸರಿ ಇದ್ದರು. ಎರಡನೆಯದನ್ನು ಹಾಗೇ ನಂಬಿದ್ದಕ್ಕೆ ಒಂದು ವರ್ಷ ಹೋಯಿತು.

ಮುಂದಿನ ಸಂತೆಗೆ ಹೊಸ ರೀತಿಯ ಹೂವಜ್ಜಿ, ನೀಲಿ ಹಾಲಿನ ಪಾಕೆಟ್, ಬೈ-ಟು ಕಾಫಿ ಲೋಟಗಳು, ಕುಕ್ಕರ್ ಒಯ್ದರು. ಸಂಜೆ ನಾಲ್ಕಕ್ಕೆ ಎಲ್ಲ ಖಾಲಿ. ಹೂವಜ್ಜಿಗೇ ಮೂವರು ಗಂಟು ಬಿದ್ದಿದ್ದರು.

“ಆಯ್ತು ಸಾರ್”

ಆ ಹೂವಜ್ಜಿಯನ್ನು ಕೊಂಡಿದ್ದು ಮನೆ ಸಾಮಾನು ಮಾರುವ ಒಂದು ಕಂಪನಿಯವರು. ಬಿಲ್ಲಿನಲ್ಲಿ ಇದ್ದಿದ್ದು ಒಂದು ಸಾಲು: ಚಿತ್ರ ಒಂದು, ಇಷ್ಟು ರೂಪಾಯಿ. ಎರಡು ತಿಂಗಳ ಮೇಲೆ ಅವರೇ ಮತ್ತೆ ಬಂದು “ಇದೇ ಥರ ಇನ್ನೂ ಮೂರು ಬರೆದು ಕೊಡಿ” ಅಂದರು. ಆಟೋ ಡ್ರೈವರ್, ಪೇಪರ್ ಹುಡುಗ, ಕಾಫಿ ಸಪ್ಲೈಯರ್. ಏನು ಬರೆಯಬೇಕು ಅಂತಲೂ ಅವರೇ ಹೇಳಿದರು. ಮಾಸ್ಟರ್ ಬರೆದರು. ಒಳ್ಳೆಯ ದುಡ್ಡು ಬಂತು. ನಡುವೆ ಒಂದು ದಿನ ವಾಟ್ಸಾಪ್‌ನಲ್ಲಿ ಮೆಸೇಜ್ ಬಂತು, ಈ ಚಿತ್ರಗಳನ್ನು ನಮ್ಮ ಪ್ರಾಡಕ್ಟ್‌ಗಳಿಗೆ ಬಳಸುತ್ತೇವೆ ಅಂತ. ಇಂಗ್ಲಿಷ್ ಪೂರ್ತಿ ಅರ್ಥ ಆಗಲಿಲ್ಲ. ದೊಡ್ಡವರು ಕೇಳಿದ್ದಾರೆ, ಇಲ್ಲ ಅನ್ನುವುದು ಹೇಗೆ? “ಆಯ್ತು ಸಾರ್” ಅಂತ ಕಳಿಸಿದರು.

ಮರುವರ್ಷ ಅವರ ಸ್ವಂತ ಮಗಳು ಮಾಲ್‌ನಿಂದ ಒಂದು ಕಾಫಿ ಮಗ್ ತಂದಳು. ಅದರ ಮೇಲೆ ಹೂವಜ್ಜಿ! ಬ್ಯಾಗು, ದಿಂಬಿನ ಕವರ್, ನೋಟ್‌ಬುಕ್ಕು, ಎಲ್ಲದರ ಮೇಲೂ ಆ ನಾಲ್ಕು ಚಿತ್ರ. ಎಲ್ಲೂ ಮಾಸ್ಟರ್ ಹೆಸರಿಲ್ಲ. ಕೆಳಗಿನ ಮೂಲೆಯಲ್ಲಿ ಅವರು ಹಾಕಿದ್ದ ಸಹಿಯನ್ನೂ ಅಳಿಸಿದ್ದರು. ಅವರಿಗೆ ದುಡ್ಡಿಗಿಂತ ಜಾಸ್ತಿ ನೋವಾಗಿದ್ದು ಅದು. ಬ್ಯಾನರ್ ಕಾಲದಲ್ಲೂ ಬ್ಯಾನರಿನ ಮೂಲೆಯಲ್ಲಿ ಶೆಡ್ಡಿನ ಹೆಸರು ಇರುತ್ತಿತ್ತು.

ಮೊದಲು ಮಾಸ್ಟರ್ ಫೋನ್ ಮಾಡಿ ಜಗಳವಾಡಿದರು. ಅದರಿಂದ ಏನೂ ಆಗಲಿಲ್ಲ. ಆಮೇಲೆ ನನ್ನ ಹತ್ತಿರ ಬಂದರು. ನಾನು ಒಬ್ಬ ವಕೀಲರ ಹತ್ತಿರ ಕರೆದುಕೊಂಡು ಹೋದೆ. ಅವತ್ತು ಕಲಿತಿದ್ದನ್ನು ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಇದು ಎಷ್ಟೋ ಜನ ಕಲಾವಿದರಿಗೆ ಇವತ್ತಿಗೂ ಗೊತ್ತಿಲ್ಲ.

ಕ್ಯಾನ್ವಾಸ್ ಮಾರಿದರೆ ಆ ಕ್ಯಾನ್ವಾಸ್ ಮಾತ್ರ ಹೋಗುತ್ತದೆ. ಅದರ ನಕಲು ಅಚ್ಚು ಹಾಕುವ ಹಕ್ಕು, ಅಂದರೆ ಕಾಪಿರೈಟ್, ಬೇರೆಯೇ ಆಸ್ತಿ. 1957ರ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಆ ಹಕ್ಕನ್ನು ವರ್ಗ ಮಾಡಬೇಕಾದರೆ ಬರವಣಿಗೆಯಲ್ಲಿ ಇರಬೇಕು, ಸಹಿ ಇರಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ 5 ವರ್ಷ ಅಂತ ಲೆಕ್ಕ. ಯಾವ ಜಾಗಕ್ಕೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ.

ಹಾಗಾದರೆ ಗೆದ್ದೆವು ಅಂದುಕೊಂಡೆ ನಾನು. ವಕೀಲರು ತಡೆದರು. “ಮೊದಲನೇ ಚಿತ್ರ ನೀವಾಗಿ ಬರೆದು ಇಟ್ಟಿದ್ದಾ? ಉಳಿದ ಮೂರು ಅವರು ಹೇಳಿ ಬರೆಸಿದ್ದಾ?” ಅಂತ ಕೇಳಿದರು. ಹೌದು ಅಂದೆವು. ಅಲ್ಲೇ ಇತ್ತು ಗಂಟು. 17ನೇ ಸೆಕ್ಷನ್ ಪ್ರಕಾರ, ಒಬ್ಬರು ದುಡ್ಡು ಕೊಟ್ಟು ತಾವೇ ಹೇಳಿ ಪೇಂಟಿಂಗ್ ಅಥವಾ ಭಾವಚಿತ್ರ ಬರೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, ಅದರ ಕಾಪಿರೈಟ್‌ನ ಮೊದಲ ಮಾಲೀಕರು ಬರೆಸಿದವರೇ. ಬರೆದವರಲ್ಲ! ಅಂದರೆ ಒಂದೇ ಕೈ, ಒಂದೇ ಶೈಲಿ, ಒಂದೇ ಕೊಳ್ಳುವವರು. ಆದರೂ ಹೂವಜ್ಜಿ ಮಾಸ್ಟರ್‌ದು, ಉಳಿದ ಮೂರು ಕಂಪನಿಯದ್ದು. ಆರ್ಡರ್ ಒಪ್ಪಿಕೊಂಡ ದಿನ ಒಂದು ಸಾಲು, ‘ಕಾಪಿರೈಟ್ ಕಲಾವಿದರದ್ದೇ’ ಅಂತ ಬರೆಸಿಕೊಂಡಿದ್ದರೆ ಸಾಕಿತ್ತು.

ಹೂವಜ್ಜಿಯ ಬಗ್ಗೆಯೂ ಕಂಪನಿಯವರು ಅದನ್ನು ನಾವೇ ಬರೆಸಿದ್ದು ಅಂದರು. ಅಲ್ಲ ಅಂತ ತೋರಿಸುವುದು ಹೇಗೆ? ಇಲ್ಲಿ ಎರಡು ಸಣ್ಣ ಅಭ್ಯಾಸ ಕೈ ಹಿಡಿದವು. ಒಂದು, ಮಾಸ್ಟರ್ ಪ್ರತಿ ಕ್ಯಾನ್ವಾಸಿನ ಹಿಂದೆ ತಾರೀಖು ಬರೆದು, ತಾರೀಖು ಕಾಣುವ ಹಾಗೆ ಮೊಬೈಲ್‌ನಲ್ಲಿ ಫೋಟೋ ತೆಗೆದಿಡುತ್ತಿದ್ದರು. ಶೆಡ್ಡಿನಲ್ಲಿ ಬ್ಯಾನರಿನ ಹಿಂದೆ ಥಿಯೇಟರ್ ಹೆಸರು ಬರೆಯುತ್ತಿದ್ದ ಹಳೆಯ ರೂಢಿ ಹೀಗೆ ಮುಂದುವರಿದಿತ್ತು. ಎರಡನೆಯದು, ಸಂತೆಯ ದಿನ ಬೆಳಗ್ಗೆ ಅವರ ಮಗಳು ಸ್ಟಾಲಿನ ಮುಂದೆ ಅಪ್ಪನನ್ನು ನಿಲ್ಲಿಸಿ ತೆಗೆದ ಫೋಟೋ. ಹಿಂದೆ ಹೂವಜ್ಜಿ ನೇತಾಡುತ್ತಿದೆ. ಕಂಪನಿಯವರ ಕಣ್ಣಿಗೆ ಬೀಳುವ ಮೊದಲೇ ಚಿತ್ರ ಇತ್ತು ಅನ್ನುವುದಕ್ಕೆ ಅದೇ ಸಾಕ್ಷಿ.

ಆದರೆ ಆ “ಆಯ್ತು ಸಾರ್” ಇತ್ತಲ್ಲ. ಅದರಿಂದ ಹಕ್ಕು ವರ್ಗ ಆಗುವುದಿಲ್ಲ, ಆದರೆ ಬಳಸಲು ಒಪ್ಪಿಗೆ ಕೊಟ್ಟ ಹಾಗೆ ಅಂತ ಅವರು ವಾದಿಸಬಹುದು ಅಂದರು ವಕೀಲರು. ಇನ್ನೊಂದು ಎಳೆಯನ್ನೂ ಆ ಕಡೆಯವರು ಎತ್ತಿದರು. ಡಿಸೈನ್ ಅಂತ ನೋಂದಾಯಿಸಬಹುದಾದದ್ದನ್ನು ನೋಂದಾಯಿಸದೆ 50ಕ್ಕಿಂತ ಜಾಸ್ತಿ ಸಲ ಸಾಮಾನಿನ ಮೇಲೆ ತಂದರೆ ಕಾಪಿರೈಟ್ ನಿಲ್ಲುವುದಿಲ್ಲ ಅನ್ನುವ ನಿಯಮ. ಗೋಡೆಗೆ ಹಾಕಲು ಬರೆದ ಚಿತ್ರ ಡಿಸೈನ್ ಅಲ್ಲ, ಕಲಾಕೃತಿ ಅನ್ನುವುದು ನಮ್ಮ ವಾದ. ವರ್ಷಗಟ್ಟಲೆ ಎಳೆಯಬಹುದಾದ ವಾದ ಅದು.

ಕೋರ್ಟಿಗೆ ಹೋಗಬೇಕಾ, ಕೂತು ಮಾತಾಡಬೇಕಾ? ಮಾಸ್ಟರ್‌ಗೆ ಕೋರ್ಟಿಗೆ ಹೋಗಬೇಕು ಅಂತ ಆಸೆ. ಸಹಿ ಅಳಿಸಿದ್ದರ ಸಿಟ್ಟು ಅದು. ವಕೀಲರು 57ನೇ ಸೆಕ್ಷನ್ ತೋರಿಸಿದರು. ಕಾಪಿರೈಟ್ ಮಾರಿದ ಮೇಲೂ ‘ಇದನ್ನು ಬರೆದವನು ನಾನು’ ಅನ್ನುವ ಹಕ್ಕು ಕಲಾವಿದನ ಹತ್ತಿರವೇ ಉಳಿಯುತ್ತದೆ. ದೆಹಲಿಯ ವಿಜ್ಞಾನ ಭವನದಲ್ಲಿ ಶಿಲ್ಪಿ ಅಮರನಾಥ್ ಸೆಹಗಲ್ ಮಾಡಿದ್ದ ದೊಡ್ಡ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಗೋದಾಮಿಗೆ ಹಾಕಿದ್ದರು. 2005ರಲ್ಲಿ ದೆಹಲಿ ಹೈಕೋರ್ಟ್ ಈ ಹಕ್ಕನ್ನು ಎತ್ತಿಹಿಡಿದು, ಉಳಿದ ತುಂಡುಗಳನ್ನು ಅವರಿಗೆ ವಾಪಸ್ ಕೊಡಿಸಿತು, 5 ಲಕ್ಷ ಪರಿಹಾರವನ್ನೂ ಕೊಡಿಸಿತು. “ಹಕ್ಕು ಇದೆ. ಆದರೆ ಅವರಿಗೆ ಎಷ್ಟು ವರ್ಷ ಹಿಡಿಯಿತು ನೋಡಿ” ಅಂದರು ವಕೀಲರು.

ಅಕ್ಕ ಆಗ ಒಂದೇ ಪ್ರಶ್ನೆ ಕೇಳಿದರು: “ಅಷ್ಟು ವರ್ಷ ನೀವು ಚಿತ್ರ ಬರೀತೀರಾ, ಇಲ್ಲ ಕೋರ್ಟ್ ಮೆಟ್ಟಿಲು ಹತ್ತೀರಾ?”

ನೋಟಿಸ್ ಕೊಟ್ಟು ಮಾತಿಗೆ ಕೂತೆವು. ಮೂರು ಸಭೆ ಆದವು. ಕೊನೆಗೆ ಹೂವಜ್ಜಿಗೆ 5 ವರ್ಷದ ಲಿಖಿತ ಒಪ್ಪಂದ ಆಯಿತು. ಮಾರಾಟವಾದ ಪ್ರತಿ ಸಾಮಾನಿಗೆ ರಾಯಲ್ಟಿ. ನಾಲ್ಕೂ ಚಿತ್ರಗಳ ಕೆಳಗೆ ಮಾಸ್ಟರ್ ಹೆಸರು, ಕನ್ನಡದಲ್ಲಿ. ಉಳಿದ ಮೂರರ ಕಾಪಿರೈಟ್ ಕಂಪನಿಯಲ್ಲೇ ಉಳಿಯಿತು. ಮೊತ್ತ ಹೊರಗೆ ಹೇಳಬಾರದು ಅಂತ ಕರಾರಿದೆ, ಹಾಗಾಗಿ ಬರೆಯುವುದಿಲ್ಲ. ಪೂರ್ತಿ ಗೆಲುವು ಅಂತ ನಾನು ಹೇಳುವುದಿಲ್ಲ. ಪೇಪರ್ ಹುಡುಗನ ಚಿತ್ರ ಮಾಸ್ಟರ್ ಕೈಯಿಂದ ಬಂದ ಅತಿ ಒಳ್ಳೆಯ ಚಿತ್ರಗಳಲ್ಲಿ ಒಂದು. ಅದನ್ನು ಅವರು ಒಂದು ಪೋಸ್ಟ್‌ಕಾರ್ಡ್ ಆಗಿಯೂ ಅಚ್ಚು ಹಾಕುವಂತಿಲ್ಲ. ಆ ಬೇಜಾರು ಇವತ್ತಿಗೂ ಇದೆ.

ಇಪ್ಪತ್ತೇಳು ಹೂವಜ್ಜಿಯರು

ಹೆಸರು ಬಂದ ಮೇಲೆ ಎಲ್ಲರಿಗೂ ಹೂವಜ್ಜಿಯೇ ಬೇಕು. ಹೋಟೆಲ್‌ನವರಿಗೆ, ಆಫೀಸಿನವರಿಗೆ, ಹೊಸ ಮನೆಗೆ ಹೋಗುವವರಿಗೆ. ಎರಡು ವರ್ಷದಲ್ಲಿ ಮಾಸ್ಟರ್ 27 ಹೂವಜ್ಜಿ ಬರೆದರು. ಮಗಳ ಕಾಲೇಜಿನ ಫೀಸು ಅದರಿಂದಲೇ ಕಟ್ಟಿದ್ದು. ಹಾಗಾಗಿ ಅದನ್ನು ತಪ್ಪು ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ.

ಆಗ ಎಚ್ಚರಿಸಿದ್ದೂ ಅಕ್ಕನೇ. ಒಂದು ಸಂಜೆ ಮೊದಲನೇ ಹೂವಜ್ಜಿಯ ಫೋಟೋ, 27ನೆಯ ಕ್ಯಾನ್ವಾಸು ಅಕ್ಕಪಕ್ಕ ಇಟ್ಟು ಮಲ್ಲಿಗೆ ಮಾಲೆ ತೋರಿಸಿದರು. ಮೊದಲನೆಯದರಲ್ಲಿ ಒಂದೊಂದು ಮೊಗ್ಗೂ ಬೇರೆ. ಒಂದು ಬಾಗಿದೆ, ಒಂದು ಅರೆಬಿರಿದಿದೆ, ಒಂದರ ತೊಟ್ಟು ಬಾಳೆನಾರಿನಿಂದ ಜಾರಿದೆ. 27ನೆಯದರಲ್ಲಿ ಎಲ್ಲ ಮೊಗ್ಗೂ ಒಂದೇ, ಸೀಲ್ ಒತ್ತಿದ ಹಾಗೆ. “ನಿಮ್ಮನ್ನ ಮನೆಗೆ ಕಳಿಸಿದ್ದು ಆ ಮಿಷನ್. ಈಗ ನೀವೇ ಮಿಷನ್ ಆಗಿದೀರಲ್ಲ” ಅಂದರು. ಆ ಮಾತು ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು ಅಂತ ಮಾಸ್ಟರ್ ಹೇಳಿದ್ದಾರೆ.

ಪಾಪ್ ಕಲೆಯಲ್ಲಿ ಪುನರಾವರ್ತನೆ ಹೊಸದಲ್ಲ. ಆ್ಯಂಡಿ ವಾರ್ಹಾಲ್ 1962ರಲ್ಲಿ ಸೂಪ್ ಡಬ್ಬಿಯ ಚಿತ್ರವನ್ನೇ 32 ಸಲ ಬರೆದರು, ಒಂದೊಂದು ರುಚಿಗೆ ಒಂದೊಂದು. ಅಲ್ಲಿ ಮತ್ತೆ ಮತ್ತೆ ಬರೆಯುವುದೇ ಕಲಾವಿದನ ಮಾತು. ಇಲ್ಲಿ ಅದು ಬರೀ ಆರ್ಡರ್ ಆಗಿತ್ತು. ವ್ಯತ್ಯಾಸ ಮೊಗ್ಗಿನಲ್ಲಿ ಕಾಣಿಸಿತು.

ಒಂದೇ ಸಲಕ್ಕೆ ನಿಲ್ಲಿಸಿದರೆ ಮನೆ ನಡೆಯುವುದಿಲ್ಲ. ಹಾಗಾಗಿ ದಾರಿ ಹುಡುಕಿದೆವು. ಹೂವಜ್ಜಿ ಬೇಕು ಅನ್ನುವವರಿಗೆ ಸ್ಕ್ರೀನ್ ಪ್ರಿಂಟ್. ಮದುವೆ ಕಾರ್ಡು ಅಚ್ಚು ಹಾಕುವ ಅದೇ ವಿಧಾನ, ಒಂದೊಂದು ಬಣ್ಣಕ್ಕೂ ಒಂದೊಂದು ಪರದೆ. ಇದಕ್ಕೆ ಏಳು ಪರದೆ ಬೇಕಾದವು. 50 ಪ್ರತಿ, ಪ್ರತಿಯೊಂದಕ್ಕೂ ಸಂಖ್ಯೆ, ಸಹಿ. ಅದಾದ ಮೇಲೆ ಪರದೆ ತೊಳೆದುಬಿಡುವುದು. ಕೈಯಿಂದ ಬರೆಯುವುದು ಹೊಸ ಚಿತ್ರ ಮಾತ್ರ. ಅಚ್ಚಿನ ಕೆಲಸಕ್ಕೆ ಹಳೆಯ ಶೆಡ್ಡಿನ ಇಬ್ಬರು ಬಂದರು. ಒಬ್ಬರು ಅಲ್ಲಿಯವರೆಗೂ ಅಪಾರ್ಟ್‌ಮೆಂಟ್ ಒಂದರಲ್ಲಿ ಸೆಕ್ಯುರಿಟಿ ಕೆಲಸ ಮಾಡುತ್ತಿದ್ದರು. ಮೊದಲ ಸಲ ಬಣ್ಣ ಜಾರಿ ಅಷ್ಟೂ ಪ್ರತಿ ಹಾಳಾದವು. ಎರಡನೇ ಸಲ ಕೂತಿತು.

ಆರು ತಿಂಗಳು ಆದಾಯ ಅರ್ಧಕ್ಕೆ ಇಳಿಯಿತು. ಮುಂಚೆಯೇ ಲೆಕ್ಕ ಹಾಕಿ ಅಷ್ಟು ದುಡ್ಡು ತೆಗೆದಿಟ್ಟಿದ್ದರಿಂದ ತಡೆದುಕೊಂಡರು. 2018ರ ಆಗಸ್ಟ್‌ನಲ್ಲಿ, ಹೈಕೋರ್ಟ್ ಗಟ್ಟಿಯಾಗಿ ಕೇಳಿದ ಮೇಲೆ, ಬಿಬಿಎಂಪಿ ಊರಿನ ಫ್ಲೆಕ್ಸ್‌ಗಳನ್ನು ಕಿತ್ತು ಹಾಕಿತು. ಆಗ ಕೈಬ್ಯಾನರ್ ಬರೆದು ಕೊಡಿ ಅಂತ ಒಂದಿಷ್ಟು ಫೋನ್ ಬಂದವು. ಎರಡು ಬರೆದರು, ಹಳೆಯ ಗೆಳೆಯರ ಜೊತೆ ಇನ್ನೊಮ್ಮೆ ಹತ್ತಿ ನಿಂತ ಸಂತೋಷಕ್ಕೆ. ಆ ಕಾಲ ವಾಪಸ್ ಬರಲಿಲ್ಲ.

ಮುಖ ಯಾರದು?

ನಾನು ಈ ಪ್ರಕರಣವನ್ನು ಬರೆಯಬೇಕು ಅಂತ ನಿರ್ಧರಿಸಿದ್ದು ಕೊನೆಯ ಈ ಭಾಗಕ್ಕಾಗಿ.

ಒಂದು ದಿನ ಒಬ್ಬ ಹುಡುಗಿ ಬಸ್ ಸ್ಟಾಪಿನಲ್ಲಿ ಹೂವು ಕೊಳ್ಳುವಾಗ ಅವಳ ಹೆಗಲಲ್ಲಿ ಹೂವಜ್ಜಿಯ ಬ್ಯಾಗಿತ್ತು. ಹೂವು ಮಾರುತ್ತಿದ್ದವರು ಆ ಅಜ್ಜಿಯೇ. ಬ್ಯಾಗನ್ನು ಹಿಡಿದು, ತಿರುಗಿಸಿ, “ಇದು ನಾನಲ್ವಾ?” ಅಂದರಂತೆ. ಹುಡುಗಿ ಬ್ಯಾಗಿನ ಮೇಲಿದ್ದ ಹೆಸರು ನೋಡಿ ಮಾಸ್ಟರ್‌ಗೆ ಮೆಸೇಜ್ ಮಾಡಿದಳು.

ಮಾಸ್ಟರ್ ಅದನ್ನು ನನಗೆ ತೋರಿಸಿದಾಗ ಅವರ ಕೈ ನಡುಗುತ್ತಿತ್ತು. ಕಂಪನಿ ತಮ್ಮನ್ನು ಸರಿಯಾಗಿ ಕೇಳಲಿಲ್ಲ ಅಂತ ಒಂದು ವರ್ಷ ಕುದ್ದಿದ್ದರು. ತಾವು ಅಜ್ಜಿಯನ್ನು ಕೇಳಿರಲೇ ಇಲ್ಲ. ಕಾನೂನು ಇಲ್ಲಿ ಏನು ಹೇಳುತ್ತದೆ ಅಂತ ನಾನು ಬಾಯಿ ತೆಗೆದೆ. “ಕಾನೂನು ಬೇಡ ಮೇಡಂ” ಅಂದರು.

ಮರುದಿನ ಬೆಳಗ್ಗೆ ಹೋದರು. ನಾನು ಜೊತೆಗಿದ್ದೆ. ಅಜ್ಜಿ ಹೂವು ಕಟ್ಟುತ್ತಲೇ ಎಲ್ಲ ಕೇಳಿಸಿಕೊಂಡರು. ಆಮೇಲೆ ಕೇಳಿದ್ದು ದುಡ್ಡಿನ ಬಗ್ಗೆ ಅಲ್ಲ. “ಕನ್ನಡಕ ಯಾಕಪ್ಪಾ ಹಾಕ್ದೆ? ನಂಗೆ ಕಣ್ಣು ಚೆನ್ನಾಗೇ ಕಾಣುತ್ತೆ” ಅಂದರು. ಮಾಸ್ಟರ್‌ಗೆ ಉತ್ತರ ಸಿಗಲಿಲ್ಲ. ಸಿನಿಮಾ ಹೀರೋಯಿನ್ ಹಾಗೆ ಇರಲಿ ಅಂತ ಹಾಕಿದ್ದು. ಆದರೆ ಅದರಿಂದ ಅವರ ಕಣ್ಣೇ ಮುಚ್ಚಿಹೋಗಿತ್ತು.

ಅವತ್ತಿನಿಂದ ಅವರ ಹತ್ತಿರ ಒಂದು ನೋಟ್‌ಬುಕ್ ಇದೆ. ಯಾರ ಮುಖ ಬರೆದರೂ ಮೊದಲು ಅವರನ್ನು ಕೇಳುತ್ತಾರೆ. ಕನ್ನಡದಲ್ಲಿ ನಾಲ್ಕು ಸಾಲು ಬರೆದು, ಓದಿ ಹೇಳಿ, ಸಹಿ ಹಾಕಿಸಿಕೊಳ್ಳುತ್ತಾರೆ. ಚಿತ್ರ ಮಾರಿದರೆ ಹತ್ತರಲ್ಲಿ ಒಂದು ಪಾಲು ಅವರಿಗೆ. ಅಜ್ಜಿಗೆ ರಾಯಲ್ಟಿಯ ಪಾಲು ಹಿಂದಿನಿಂದ ಲೆಕ್ಕ ಹಾಕಿ ಕೊಟ್ಟರು. ಇಬ್ಬರು ‘ಬೇಡ, ನನ್ನ ಮುಖ ಬರೀಬೇಡಿ’ ಅಂದಿದ್ದಾರೆ. ಅದರಲ್ಲಿ ಒಬ್ಬರ ಸ್ಕೆಚ್ ಆಗಲೇ ಮುಗಿದಿತ್ತು. ಮಾಸ್ಟರ್ ಅದನ್ನು ಅವರಿಗೇ ಕೊಟ್ಟು ಬಂದರು. ನನ್ನ ವಿದ್ಯಾರ್ಥಿಗಳು ಇದನ್ನು ಕೇಳಿ, ಹಾಗಾದರೆ ಬೀದಿಯಲ್ಲಿ ಕೂತು ಚಿತ್ರ ಬರೆಯುವುದೇ ತಪ್ಪಾ ಅನ್ನುತ್ತಾರೆ. ಬರೆಯುವುದು ತಪ್ಪಲ್ಲ. ಆದರೆ ಒಂದು ಮುಖ ಮಗ್ಗಿನ ಮೇಲೆ ಹೋಗಿ ದುಡ್ಡು ತರಲು ಶುರು ಮಾಡಿದ ಮೇಲೆ ಆ ಮುಖದವರನ್ನು ಕೇಳದೆ ಇರುವುದು ನನಗೆ ಸರಿ ಕಾಣುವುದಿಲ್ಲ.

ಸ್ಕ್ರೀನ್ ಪ್ರಿಂಟ್‌ನ ಒಂದನೇ ನಂಬರಿನ ಪ್ರತಿಯನ್ನು ಕನ್ನಡಕ ಇಲ್ಲದೆ ಮಾಡಿದರು. ಅದೊಂದಕ್ಕೇ ಬೇರೆ ಪರದೆ. ಕಣ್ಣು ಬರೆಯಲು ಅಜ್ಜಿಯ ಎದುರು ಎರಡು ಬೆಳಗ್ಗೆ ಕೂತಿದ್ದರು. ಅಜ್ಜಿ ಅದಕ್ಕೆ ಪ್ಲಾಸ್ಟಿಕ್ ಹಾಕಿಸಿ, ತಮ್ಮ ಬುಟ್ಟಿಯ ಹಿಂದಿನ ಕಂಬಿಗೆ ಕಟ್ಟಿದ್ದಾರೆ. ಅದನ್ನು ಕಟ್ಟಿದ ದಿನ ಮಾಸ್ಟರ್ ರಸ್ತೆ ದಾಟಿ ಆ ಬದಿಗೆ ಹೋದರು, ಬಸ್ಸೊಂದು ಹೋಗುವವರೆಗೆ ಕಾದರು, ಕಣ್ಣು ಅರ್ಧ ಮುಚ್ಚಿ ನೋಡಿದರು. ಅಲ್ಲಿಂದಲೇ ಕೈ ಎತ್ತಿ ಅಜ್ಜಿಗೆ ಸನ್ನೆ ಮಾಡಿದರು, ಕಾಣುತ್ತೆ ಅಂತ.